ತಾಟಿನ ಲೆಕ್ಕ: ನಮ್ಮ ರೊಟ್ಟಿ ಊಟವನ್ನೇ ಪೂರ್ಣ ಆಹಾರ ಮಾಡಿಕೊಳ್ಳುವ ಬಗೆ

ಎರಡು ವರ್ಷದ ಹಿಂದೆ ಅವ್ವನ ರಕ್ತ ಪರೀಕ್ಷೆ ಮಾಡಿಸಿದಾಗ ಹಿಮೋಗ್ಲೋಬಿನ್ 8.6 ಬಂತು. ಅದಕ್ಕೂ ಮುಂಚೆ ತಿಂಗಳುಗಟ್ಟಲೆ ಅವಳಿಗೆ ನಾಲ್ಕು ಮೆಟ್ಟಿಲು ಹತ್ತಿದರೆ ತೇಕು ಬರುತ್ತಿತ್ತು, ಸಂಜೆಯಾದರೆ ಕಾಲು ಸೆಳೆಯುತ್ತಿದ್ದವು. “ವಯಸ್ಸಾತಲ್ಲೋ, ಇನ್ನ ಹಿಂಗ” ಅಂತ ಅವಳಂದಳು, ನಾವು ನಂಬಿದೆವು.

ಹುಬ್ಬಳ್ಳಿಯ ನಮ್ಮ ಮನೆಯಲ್ಲಿ ಊಟಕ್ಕೇನೂ ಕೊರತೆಯಿರಲಿಲ್ಲ. ದಿನಾ ಜೋಳದ ರೊಟ್ಟಿ, ಒಂದು ತಪ್ಪಲ (ಸೊಪ್ಪಿನ) ಪಲ್ಯ, ಒಂದು ಕಾಳು ಪಲ್ಯ, ಶೇಂಗಾ ಚಟ್ನಿ, ಮೊಸರು. ಆಹಾರ ತಜ್ಞರು ಬಾಯಿತುಂಬ ಹೊಗಳುವ ಊಟ. ಹಾಗಿದ್ದೂ ಈಕೆಗೇಕೆ ರಕ್ತ ಕಡಿಮೆಯಾಯಿತು ಅಂತ ಒಂದು ವಾರ ಅಡಿಗೆಮನೆಯಲ್ಲಿ ಕೂತು ನೋಡಿದೆ. ಉತ್ತರ ಸಿಕ್ಕಿದ್ದು ಅವಳ ತಾಟಿನಲ್ಲಿ. ಎಲ್ಲರ ಊಟವಾದ ಮೇಲೆ ಅವಳು ಕೂಡುವ ಹೊತ್ತಿಗೆ ಪಲ್ಯದ ಬೋಗುಣಿಯ ತಳ ಕಾಣುತ್ತಿತ್ತು. ಎರಡು ರೊಟ್ಟಿ, ಕೆಂಪು ಚಟ್ನಿ, ಬೋಗುಣಿಗೆ ಅಂಟಿದ್ದನ್ನು ರೊಟ್ಟಿ ಚೂರಿನಿಂದ ಒರೆಸಿಕೊಂಡಷ್ಟು ಪಲ್ಯ, ಮೇಲೊಂದು ಕಪ್ ಚಹಾ. ಇಪ್ಪತ್ತು ಮೂವತ್ತು ವರ್ಷ ಇದೇ ನಡೆದಿತ್ತು, ನಮ್ಮ ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಇದು ನಮ್ಮೊಬ್ಬರ ಮನೆಯ ಕಥೆಯಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಣ್ಣುಮಕ್ಕಳಲ್ಲಿ ನೂರಕ್ಕೆ ಸುಮಾರು 48 ಮಂದಿಗೆ ರಕ್ತಹೀನತೆಯಿದೆ. ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯ ಅಡಿಗೆಯಲ್ಲಿ ಬೇಕಾದ ಪದಾರ್ಥ ಎಲ್ಲವೂ ಇದೆ. ತಪ್ಪುತ್ತಿರುವುದು ಪ್ರಮಾಣ ಮತ್ತು ಬಡಿಸುವ ಸರದಿ. ಅವೆರಡನ್ನು ಸರಿಮಾಡಿಕೊಳ್ಳುವುದು ಹೇಗೆ ಅನ್ನುವುದನ್ನು, ನಮ್ಮ ಮನೆಯಲ್ಲಿ ಮಾಡಿ ನೋಡಿದ ಕ್ರಮದಲ್ಲೇ ಬರೆಯುತ್ತಿದ್ದೇನೆ.

ಮೊದಲ ಹೆಜ್ಜೆ: ಒಂದು ದಿನ ಎಲ್ಲವನ್ನೂ ತೂಗಿ

ಅಡಿಗೆಮನೆಯ ಸಣ್ಣ ತಕ್ಕಡಿ ಇದ್ದರೆ ಸಾಕು. ಇಲ್ಲದಿದ್ದರೆ ಒಂದು ದಿನದ ಮಟ್ಟಿಗೆ ಯಾರದಾದರೂ ಕೇಳಿ ತನ್ನಿ. ಏನನ್ನೂ ಬದಲಿಸಬೇಡಿ, ಎಂದಿನಂತೆ ಅಡಿಗೆ ಮಾಡಿ, ಹಾಕುವ ಮೊದಲು ಪ್ರತಿಯೊಂದನ್ನೂ ತೂಗಿ ಬರೆದಿಡಿ: ಹಿಟ್ಟು, ಅಕ್ಕಿ, ಕಾಳು, ಸ್ವಚ್ಛ ಮಾಡಿದ ತಪ್ಪಲ, ಎಣ್ಣೆ, ಬೆಲ್ಲ, ಸಕ್ಕರೆ, ಹಾಲು.

ನಮ್ಮಲ್ಲಿ ಆ ದಿನ ಅವ್ವ ಕೊಣಮಿಗೆಯಲ್ಲಿ (ಹಿಟ್ಟು ನಾದುವ ಅಗಲ ಪಾತ್ರೆ) ಹಿಟ್ಟು ನಾದಿ, ರೊಟ್ಟಿ ಬಡಿಯುವ ಮುಂಚೆ ಒಂದೊಂದೇ ಉಂಡಿಯನ್ನು ತಕ್ಕಡಿಯ ಮೇಲಿಟ್ಟಳು. ಮೊದಲನೆಯದು 108 ಗ್ರಾಂ, ಎರಡನೆಯದು 111, ಮೂರನೆಯದು 109. ಕಣ್ಣಳತೆಯಿಂದ ಮುರಿದ ಉಂಡಿಗಳು! ಅವಳಿಗೇ ನಗು ಬಂತು. ಒಂದು ಉಂಡಿಯಲ್ಲಿ ಬಿಸಿನೀರು ಕಳೆದರೆ ಒಣ ಹಿಟ್ಟು ಸುಮಾರು 60 ಗ್ರಾಂ. ಈ ಒಂದು ಅಂಕಿ ಗೊತ್ತಾದ ಮೇಲೆ ಉಳಿದ ಲೆಕ್ಕ ಸಲೀಸು. ನಿಮ್ಮ ಮನೆಯ ರೊಟ್ಟಿ ಕಟಕ್ ರೊಟ್ಟಿಯಂತೆ ತೆಳ್ಳಗಿದ್ದರೆ ಹಿಟ್ಟು ಕಡಿಮೆಯಿರುತ್ತದೆ, ಹಾವೇರಿ ಕಡೆ ಹೊಲಕ್ಕೆ ಬುತ್ತಿ ಕಟ್ಟುವ ದಪ್ಪ ರೊಟ್ಟಿಯಾದರೆ ಹೆಚ್ಚು. ಅದಕ್ಕೇ ತೂಗಬೇಕು ಅನ್ನುವುದು.

ಎರಡನೇ ಹೆಜ್ಜೆ: ಬೇಕಾದ ಅಳತೆಯೊಂದಿಗೆ ಹೋಲಿಸಿ

ಅಳತೆಗೆ ನಾನು ಹಿಡಿದದ್ದು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರ ಮೇ ತಿಂಗಳಲ್ಲಿ ಪರಿಷ್ಕರಿಸಿ ಹೊರತಂದ 17 ಸೂಚನೆಗಳ ಆಹಾರ ಮಾರ್ಗಸೂಚಿ. ದಿನಕ್ಕೆ 2000 ಕಿಲೋಕ್ಯಾಲರಿ ಬೇಕಾಗುವ ವಯಸ್ಕರಿಗೆ ಅದು ಹೇಳುವ ಪ್ರಮಾಣ, ಎಲ್ಲವೂ ಹಸಿ ತೂಕದಲ್ಲಿ, ಹೀಗಿದೆ: ಧಾನ್ಯ ಮತ್ತು ಸಿರಿಧಾನ್ಯ 250 ಗ್ರಾಂ, ಬೇಳೆಕಾಳು 85 ಗ್ರಾಂ, ತರಕಾರಿ 400 ಗ್ರಾಂ (ಅದರಲ್ಲಿ 100 ಗ್ರಾಂ ತಪ್ಪಲ ಪಲ್ಯ), ಹಣ್ಣು 100 ಗ್ರಾಂ, ಶೇಂಗಾ-ಎಳ್ಳಿನಂಥ ಬೀಜಗಳು 35 ಗ್ರಾಂ, ಎಣ್ಣೆ-ತುಪ್ಪ 27 ಗ್ರಾಂ, ಹಾಲು ಅಥವಾ ಮೊಸರು 300 ಮಿಲೀ. ತತ್ತಿ, ಮಾಂಸ, ಮೀನು ತಿನ್ನುವವರು ಕಾಳಿನ ಒಂದು ಭಾಗವನ್ನು ಅವುಗಳಿಗೆ ಬಿಟ್ಟುಕೊಡಬಹುದು.

ನಮ್ಮ ಭಾಷೆಗೆ ತಂದರೆ: ದಿನಕ್ಕೆ ಮೂರು ರೊಟ್ಟಿ (180 ಗ್ರಾಂ ಹಿಟ್ಟು), ಒಂದು ಹೊತ್ತಿಗೆ 70 ಗ್ರಾಂ ಅಕ್ಕಿಯ ಅನ್ನ. ಧಾನ್ಯ ಅಲ್ಲಿಗೇ ಮುಗಿಯಿತು. ಅದರ ಮೇಲೆ ಬೆಳಿಗ್ಗೆ ತಾಟು ತುಂಬ ಅವಲಕ್ಕಿ, ಸಂಜೆ ಚುರುಮುರಿ, ರಾತ್ರಿ ಮತ್ತೆ ಎರಡು ಸಲ ಅನ್ನ ಬಡಿಸಿಕೊಂಡರೆ ಧಾನ್ಯವೇ 400 ಗ್ರಾಂ ದಾಟುತ್ತದೆ. ನಮ್ಮ ಮನೆಯಲ್ಲಿ ತೂಗಿದ ದಿನ ನನ್ನ ಪಾಲಿಗೆ 410 ಗ್ರಾಂ ಧಾನ್ಯ, 40 ಗ್ರಾಂ ಕಾಳು, 150 ಗ್ರಾಂ ತರಕಾರಿ ಬಂದಿತ್ತು. ಅವ್ವನ ಪಾಲಿಗೆ ಬಂದ ತರಕಾರಿಯನ್ನು ತೂಗುವಷ್ಟೂ ಇರಲಿಲ್ಲ.

2000 ಅನ್ನುವುದು ಎಲ್ಲರಿಗೂ ಹೊಂದುವ ಅಂಕಿಯಲ್ಲ. ಅದೇ ಸಂಸ್ಥೆಯ 2020ರ ಲೆಕ್ಕದಲ್ಲಿ ಕೂತು ಕೆಲಸ ಮಾಡುವ 55 ಕಿಲೋ ತೂಕದ ಹೆಣ್ಣುಮಗಳಿಗೆ 1660, ಹೊಲದಲ್ಲಿ ಕಳೆ ತೆಗೆಯುವಂಥ ಭಾರದ ಕೆಲಸದವಳಿಗೆ 2720 ಕಿಲೋಕ್ಯಾಲರಿ. 65 ಕಿಲೋದ ಗಂಡಸಿಗೆ ಕ್ರಮವಾಗಿ 2110 ಮತ್ತು 3470. ಎಪಿಎಂಸಿಯಲ್ಲಿ ಚೀಲ ಹೊರುವವರ ಊಟವನ್ನು ಅಂಗಡಿ ಗಲ್ಲೆಯ ಮೇಲೆ ಕೂತವರು ಉಂಡರೆ ಹೊಟ್ಟೆ ಬರುವುದು ಅದಕ್ಕೇ. ಹೆಚ್ಚು ಕಡಿಮೆ ಮಾಡಬೇಕಾದದ್ದು ಮುಖ್ಯವಾಗಿ ರೊಟ್ಟಿ-ಅನ್ನವನ್ನು. ಪಲ್ಯ, ಕಾಳು, ಮೊಸರನ್ನು ಯಾರೂ ಕಡಿತ ಮಾಡಬೇಕಾಗಿಲ್ಲ. ನಡುವಿಗೊಂದು ಟೇಪು ಸುತ್ತಿ ನೋಡಿ: ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ದಾಟಿದ್ದರೆ ಧಾನ್ಯ, ಎಣ್ಣೆ, ಸಕ್ಕರೆ ಇಳಿಸುವ ಹೊತ್ತಾಗಿದೆ.

ಮೂರನೇ ಹೆಜ್ಜೆ: ಕಾಳನ್ನು ಎರಡೂ ಹೊತ್ತಿನ ಊಟಕ್ಕೆ ತನ್ನಿ

ಪ್ರೋಟೀನ್ ಎಷ್ಟು ಬೇಕು? ಆರೋಗ್ಯವಂತ ವಯಸ್ಕರಿಗೆ ದೇಹದ ಪ್ರತಿ ಕಿಲೋ ತೂಕಕ್ಕೆ ದಿನಕ್ಕೆ 0.83 ಗ್ರಾಂ. 55 ಕಿಲೋ ಇರುವವರಿಗೆ ಸುಮಾರು 46 ಗ್ರಾಂ. ಇದಕ್ಕೆ ಡಬ್ಬಿಯ ಪೌಡರ್ ಬೇಕಿಲ್ಲ. ಮೂರು ಜೋಳದ ರೊಟ್ಟಿಯಲ್ಲಿ 18 ಗ್ರಾಂ, ಅನ್ನದಲ್ಲಿ 5, 85 ಗ್ರಾಂ ಕಾಳಿನಲ್ಲಿ 18-19, ಒಂದು ಹಿಡಿ ಶೇಂಗಾದಲ್ಲಿ 6, ಹಾಲು-ಮೊಸರಿನಲ್ಲಿ 9. ಕೂಡಿಸಿದರೆ ಐವತ್ತು ದಾಟಿತು. ಜಿಮ್‌ಗೆ ಹೋಗುವ ಹುಡುಗರು ಸಾವಿರಾರು ರೂಪಾಯಿ ಕೊಟ್ಟು ಡಬ್ಬಿ ತರುವ ಮುಂಚೆ ಇದನ್ನೊಮ್ಮೆ ಕೂಡಿಸಿ ನೋಡಲಿ ಅನ್ನುವುದು ನನ್ನ ಮನಸ್ಸಿನ ಮಾತು.

ಜೋಳದ ಜೊತೆಗೆ ಕಾಳು ಇರಲೇಬೇಕಾದದ್ದಕ್ಕೆ ಇನ್ನೊಂದು ಕಾರಣವಿದೆ. ಜೋಳದ ಪ್ರೋಟೀನಿನಲ್ಲಿ ಲೈಸಿನ್ ಅನ್ನುವ ಅಮೈನೋ ಆಮ್ಲ ಕಡಿಮೆ, ಕಾಳಿನಲ್ಲಿ ಅದು ಧಾರಾಳ. ಕಾಳಿನಲ್ಲಿ ಕಡಿಮೆಯಿರುವ ಮಿಥಿಯೋನಿನ್ ಧಾನ್ಯದಲ್ಲಿದೆ. ಮೂರು ಪಾಲು ಧಾನ್ಯಕ್ಕೆ ಒಂದು ಪಾಲು ಕಾಳು ಸೇರಿದರೆ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ರೊಟ್ಟಿ-ಝುಣಕ (ಕಡಲಿ ಹಿಟ್ಟಿನ ಪಲ್ಯ), ರೊಟ್ಟಿ-ಮಡಕಿಕಾಳು ಪಲ್ಯ, ಅನ್ನ-ಹುರಳಿ ಸಾರು, ಇವೆಲ್ಲ ಅದೇ ಜೋಡಿ. ರೊಟ್ಟಿ-ಕೆಂಪು ಚಟ್ನಿಯಲ್ಲಿ ಆ ಜೋಡಿಯಿಲ್ಲ.

ಮಾಡುವ ಬಗೆ: ನಾಲ್ಕು ಮಂದಿಯ ಮನೆಗೆ ದಿನಕ್ಕೆ 340 ಗ್ರಾಂ ಬೇಳೆಕಾಳು ಖರ್ಚಾಗಬೇಕು, ತಿಂಗಳಿಗೆ ಹತ್ತು ಕಿಲೋ. ನಮ್ಮ ಕಿರಾಣಿ ಚೀಟಿಯಲ್ಲಿ ಮೊದಲು ನಾಲ್ಕು ಕಿಲೋ ಇರುತ್ತಿತ್ತು. ರವಿವಾರ ರಾತ್ರಿ ಅರ್ಧ ಕಿಲೋ ಮಡಕಿಕಾಳು ನೆನೆಹಾಕಿ, ಸೋಮವಾರ ಬೆಳಿಗ್ಗೆ ನೀರು ಬಸಿದು ಒದ್ದೆ ಅರಿವೆಯಲ್ಲಿ ಗಂಟು ಕಟ್ಟಿ ಇಡುತ್ತೇವೆ. ಮಂಗಳವಾರಕ್ಕೆ ಮೊಳಕೆ. ಮೊಳಕೆ ಬಂದ ಕಾಳಿನಲ್ಲಿ ಕಬ್ಬಿಣ, ಸತುವನ್ನು ಹಿಡಿದಿಟ್ಟುಕೊಳ್ಳುವ ಫೈಟೇಟ್ ಕಡಿಮೆಯಾಗುವುದರಿಂದ ಅವು ಮೈಗೆ ಹೆಚ್ಚು ಹತ್ತುತ್ತವೆ. ಉಳಿದ ದಿನ ಹೆಸರು, ಅಲಸಂದಿ, ಕಡಲಿ, ಹುರಳಿ ಸರದಿಯಲ್ಲಿ. ಬರೀ ತೊಗರಿ ಬೇಳೆಯ ತಿಳಿಸಾರನ್ನು ಕಾಳಿನ ಲೆಕ್ಕಕ್ಕೆ ಹಿಡಿಯಬೇಡಿ, ಅದರಲ್ಲಿ ಬೇಳೆಗಿಂತ ನೀರೇ ಜಾಸ್ತಿ.

ಮೂತ್ರಪಿಂಡದ ತೊಂದರೆ ಇರುವವರು ಕಾಳು ಹೆಚ್ಚಿಸುವ ಮುಂಚೆ ವೈದ್ಯರನ್ನು ಕೇಳಲೇಬೇಕು.

ನಾಲ್ಕನೇ ಹೆಜ್ಜೆ: ತಪ್ಪಲ, ನಿಂಬೆಹಣ್ಣು, ಮತ್ತು ಚಹಾದ ಹೊತ್ತು

ಈ ಹೆಜ್ಜೆಯೇ ಅವ್ವನ ಪಾಲಿಗೆ ಎಲ್ಲಕ್ಕಿಂತ ದೊಡ್ಡದಾಗಿತ್ತು.

ವಯಸ್ಕ ಗಂಡಸರಿಗೆ ದಿನಕ್ಕೆ 19 ಮಿಲಿಗ್ರಾಂ ಕಬ್ಬಿಣ ಸಾಕು, ಮುಟ್ಟಾಗುವ ವಯಸ್ಸಿನ ಹೆಣ್ಣುಮಕ್ಕಳಿಗೆ 29 ಬೇಕು. ಅಂದರೆ ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ತಪ್ಪಲ ಪಲ್ಯ ಬೀಳಬೇಕಾದದ್ದು ಅವರ ತಾಟಿಗೆ. ನಾವು ಮಾಡುತ್ತಿರುವುದು ತದ್ವಿರುದ್ಧ.

ಹುಬ್ಬಳ್ಳಿಯ ದುರ್ಗದ ಬೈಲಿನ ಸಂತಿಗೆ ಸಂಜೆ ಹೋದರೆ ಮೆಂತೆ, ರಾಜಗಿರಿ, ಪುಂಡಿ, ಸಬ್ಬಸಗಿ, ಪಾಲಕ, ಹಕ್ಕರಕಿ ಸೂಡುಗಳು ಸಾಲಾಗಿ ಬಿದ್ದಿರುತ್ತವೆ. ನಾಲ್ಕು ಮಂದಿಗೆ ದಿನಕ್ಕೆ 400 ಗ್ರಾಂ ಎಲೆ ಬೇಕು, ಬೇರು-ದಂಟು ತೆಗೆದ ಮೇಲಿನ ತೂಕ. ಮೆಂತೆಯ ದೊಡ್ಡ ಸೂಡೊಂದನ್ನು ಸೋಸಿದರೆ ಅರ್ಧದಷ್ಟೇ ಉಳಿಯುವುದೂ ಉಂಟು. ನೋಡಲಿಕ್ಕೆ ಬುಟ್ಟಿ ತುಂಬ ಕಂಡದ್ದು ಬೋಗುಣಿಯಲ್ಲಿ ಒಂದು ಮುಷ್ಟಿಯಾಗುತ್ತದೆ. ನಾವು ಮೊದಲು ತರುತ್ತಿದ್ದುದರ ಎರಡರಷ್ಟು ತರಲು ಶುರುಮಾಡಿದೆವು. ಉಪ್ಪಿನ ನೀರಲ್ಲಿ ತೊಳೆದು, ತೊಳೆದ ಮೇಲೆಯೇ ಹೆಚ್ಚಿ. ಮುಚ್ಚಳ ಮುಚ್ಚಿ ಬೇಗ ಬೇಯಿಸಿ, ಬೇಯಿಸಿದ ನೀರು ಚೆಲ್ಲಬೇಡಿ, ಸಾರಿಗೆ ಹಾಕಿ. ಹಕ್ಕರಕಿ, ಮೂಲಂಗಿ, ಸವತಿಕಾಯಿ, ಗಜ್ಜರಿ, ಉಳ್ಳಾಗಡ್ಡಿಯ ಪಚಡಿ ಹಸಿಯಾಗಿಯೇ ಇರಲಿ. ತಪ್ಪಲವೂ ಪಚಡಿಯೂ ಸೇರಿದರೆ 400 ಗ್ರಾಂ ತರಕಾರಿಯಲ್ಲಿ ಅರ್ಧ ಬಂತು, ಉಳಿದರ್ಧ ಬದನಿಕಾಯಿ, ಹೀರಿಕಾಯಿ, ಚವಳಿಕಾಯಿ ನೋಡಿಕೊಳ್ಳುತ್ತವೆ. ಆಲೂಗಡ್ಡೆಯನ್ನು ತರಕಾರಿಯ ಲೆಕ್ಕಕ್ಕೆ ಹಿಡಿಯಬೇಡಿ, ಅದು ಅನ್ನದ ಬಳಗ.

ಸಸ್ಯಾಹಾರದಲ್ಲಿರುವ ಕಬ್ಬಿಣ ಮೈಗೆ ಹತ್ತುವುದು ನಿಧಾನ. ಜೊತೆಗೆ ವಿಟಮಿನ್ ಸಿ ಇದ್ದರೆ ಚೆನ್ನಾಗಿ ಹತ್ತುತ್ತದೆ. ಅದಕ್ಕೆ ಪಲ್ಯ ಇಳಿಸಿದ ಮೇಲೆ, ತಾಟಿನಲ್ಲೇ ನಿಂಬೆಹಣ್ಣು ಹಿಂಡಿಕೊಳ್ಳಿ. ಕುದಿಯುವಾಗ ಹಿಂಡಿದರೆ ಸಿ ಅಂಶ ಬಹುಪಾಲು ಹೋಗುತ್ತದೆ. ಪೇರಲ ಹಣ್ಣಿನಷ್ಟು ಸಿ ಜೀವಸತ್ವ ಕಿತ್ತಳೆಯಲ್ಲೂ ಇಲ್ಲ, ಮತ್ತು ಪೇರಲ ನಮ್ಮ ಪಕ್ಕದ್ದೇ ಬೆಳೆ. ನವಲೂರಿನ ಪೇರಲ ಬರುವ ದಿನಗಳಲ್ಲಿ ಊಟದ ಕೊನೆಗೊಂದು ಹಣ್ಣು ತಿಂದರೆ ದಿನದ ಹಣ್ಣಿನ ಲೆಕ್ಕವೂ ತೀರಿತು.

ಚಹಾ ಇದಕ್ಕೆ ಸರೀ ವಿರುದ್ಧ. ಅದರ ಟ್ಯಾನಿನ್ ಕಬ್ಬಿಣವನ್ನು ಕಟ್ಟಿಹಾಕುತ್ತದೆ. ಊಟವಾದ ಕೂಡಲೇ ಕುಡಿದ ಒಂದು ಕಪ್ ಚಹಾ, ಆಗಷ್ಟೇ ಉಂಡ ಮೆಂತೆ ಪಲ್ಯದ ಕಬ್ಬಿಣದ ದೊಡ್ಡ ಪಾಲನ್ನು ವ್ಯರ್ಥ ಮಾಡುತ್ತದೆ. ಊಟಕ್ಕೂ ಚಹಾಕ್ಕೂ ಕನಿಷ್ಠ ಒಂದು ತಾಸು ಅಂತರವಿರಲಿ. “ಉಂಡ ಮ್ಯಾಲ ಚಾ ಇಲ್ಲಂದ್ರ ತಲಿ ನೋಯ್ತದ” ಅಂತ ಅವ್ವ ಮೊದಲ ವಾರ ಬಹಳ ಕಷ್ಟಪಟ್ಟಳು. ಹತ್ತು ದಿನಕ್ಕೆ ರೂಢಿಯಾಯಿತು, ಈಗ ನಾಲ್ಕು ಗಂಟೆಗೆ ಕುಡಿಯುತ್ತಾಳೆ.

ಇಷ್ಟು ಹೇಳಿ ಒಂದು ಮಾತು ಒತ್ತಿ ಹೇಳಬೇಕು. 8.6 ಅನ್ನುವಂಥ ಹಿಮೋಗ್ಲೋಬಿನ್ ಬರೀ ಊಟದಿಂದ ಏರುವುದಿಲ್ಲ. ಅವ್ವನಿಗೆ ವೈದ್ಯರು ಕಬ್ಬಿಣದ ಗುಳಿಗೆ ಕೊಟ್ಟರು, ರಕ್ತ ಎಲ್ಲಿ ಹೋಗುತ್ತಿದೆ ಅನ್ನುವುದನ್ನೂ ಪರೀಕ್ಷಿಸಿದರು. ಜಂತುಹುಳು, ಹೆಚ್ಚು ಮುಟ್ಟು, ಮೂಲವ್ಯಾಧಿ, ಬಿ12 ಕೊರತೆ, ಕಾರಣ ಯಾವುದೂ ಇರಬಹುದು. ಹೆಂಗಸರಿಗೆ 12ಕ್ಕಿಂತ, ಗರ್ಭಿಣಿಯರಿಗೆ 11ಕ್ಕಿಂತ, ಗಂಡಸರಿಗೆ 13ಕ್ಕಿಂತ ಕಡಿಮೆ ಇದ್ದರೆ ಆಸ್ಪತ್ರೆಗೆ ಹೋಗಿ ತೋರಿಸಿ.

ಐದನೇ ಹೆಜ್ಜೆ: ಎಲುಬಿಗೆ ಬೇಕಾದದ್ದು

ವಯಸ್ಕರಿಗೆ ದಿನಕ್ಕೆ 1000 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು. ಜೋಳದಲ್ಲಿ ಅದು ತೀರಾ ಕಡಿಮೆ. ರಾಗಿಯಲ್ಲಿ 100 ಗ್ರಾಮಿಗೆ 360 ಮಿಲಿಗ್ರಾಮಿನ ಆಸುಪಾಸು ಇದೆ. ಅದಕ್ಕೆ ನಮ್ಮ ರೊಟ್ಟಿಯೂರಿನಲ್ಲೂ ಬೆಳಗಿನ ಹೊತ್ತು ಮಜ್ಜಿಗೆ ಬೆರೆಸಿದ ರಾಗಿ ಅಂಬಲಿಗೆ ಜಾಗ ಕೊಡಿ. 300 ಮಿಲೀ ಹಾಲು-ಮೊಸರಿನಿಂದ ಮೂರನೇ ಒಂದು ಪಾಲು, ರಾಜಗಿರಿ, ಮೆಂತೆ, ನುಗ್ಗೆ ಸೊಪ್ಪಿನಿಂದ ಇನ್ನೊಂದು ಪಾಲಿನ ಹತ್ತಿರ ಬರುತ್ತದೆ. ಎರಡು ಚಮಚ ಎಳ್ಳು ಇನ್ನು ನೂರರಷ್ಟು ಸೇರಿಸುತ್ತದೆ. ಸಂಕ್ರಮಣಕ್ಕೆ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ ಮಾಡುವವರು ವರ್ಷವಿಡೀ ರೊಟ್ಟಿಗೆ ಎಳ್ಳು ಹಚ್ಚಿದರೆ ಯಾವ ತೊಡಕೂ ಇಲ್ಲ.

ಕ್ಯಾಲ್ಸಿಯಂ ಹಿಡಿಯಲಿಕ್ಕೆ ವಿಟಮಿನ್ ಡಿ ಬೇಕು, ಅದಕ್ಕೆ ಬಿಸಿಲು. ಬಿ12 ಸಸ್ಯಗಳಲ್ಲಿ ಸಿಗುವುದಿಲ್ಲ. ತತ್ತಿ-ಮಾಂಸ ಮುಟ್ಟದ ಮನೆಗಳಲ್ಲಿ ಹಾಲು-ಮೊಸರೇ ಗತಿ. ಕೈಕಾಲು ಜುಮುಗುಡುವುದು, ಮರೆವು, ನಾಲಿಗೆ ಕೆಂಪಾಗಿ ಉರಿಯುವುದು ಕಂಡರೆ ತಡಮಾಡದೆ ಪರೀಕ್ಷೆ ಮಾಡಿಸಿ.

ಚಟ್ನಿಪುಡಿಗಳ ಬಗ್ಗೆ ನನಗೆ ಬಹಳ ಗೌರವ. ಶೇಂಗಾ, ಗುರೆಳ್ಳು, ಅಗಸಿ, ಪುಟಾಣಿ, ಈ ನಾಲ್ಕು ಡಬ್ಬಿ ಇರದ ಮನೆ ನಮ್ಮ ಕಡೆ ಇಲ್ಲ. ದಿನದ 35 ಗ್ರಾಂ ಬೀಜದ ಲೆಕ್ಕ ಇವುಗಳಲ್ಲೇ ತೀರುತ್ತದೆ. ಅಗಸಿಯಲ್ಲಿ ಒಮೆಗಾ-3 ಅನ್ನುವ ಒಳ್ಳೆಯ ಕೊಬ್ಬು ಇದೆ, ಆದರೆ ಇಡೀ ಬೀಜ ಜೀರ್ಣವಾಗದೆ ಹೊರಹೋಗುತ್ತದೆ. ಹುರಿದು ಪುಡಿಮಾಡಿಯೇ ತಿನ್ನಬೇಕು, ಅವ್ವಂದಿರು ಮಾಡುತ್ತ ಬಂದದ್ದೂ ಅದನ್ನೇ. ಪುಡಿಗೆ ಉಪ್ಪು ಮಾತ್ರ ಕೈ ಬಿಗಿಹಿಡಿದು ಹಾಕಿ.

ಆರನೇ ಹೆಜ್ಜೆ: ಪಾಕೀಟಿನ ಮೇಲೆ ತಾರೀಖು ಬರೆಯಿರಿ

ಉಪ್ಪು, ಎಣ್ಣೆ, ಸಕ್ಕರೆಯನ್ನು ದಿನಾ ತೂಗುವುದು ಆಗದ ಮಾತು. ಪಾಕೀಟು ಒಡೆದ ದಿನ ಅದರ ಮೇಲೆ ತಾರೀಖು ಬರೆದರೆ ಸಾಕು. ತಲೆಗೆ ದಿನಕ್ಕೆ 5 ಗ್ರಾಂ ಉಪ್ಪಿನಂತೆ ನಾಲ್ಕು ಮಂದಿಗೆ ಒಂದು ಕಿಲೋ 50 ದಿನ ಬರಬೇಕು. ಉಪ್ಪಿನಕಾಯಿ, ಹಪ್ಪಳ, ಸಂಡಿಗಿ, ಹೊರಗಿನ ಖಾರಾ ಬೇರೆ ಇದ್ದೇ ಇರುವುದರಿಂದ ಇನ್ನೂ ಹೆಚ್ಚು ದಿನ ಬಂದರೇ ಸರಿ. ಒಂದು ಲೀಟರ್ ಎಣ್ಣೆ ನಾಲ್ಕು ಮಂದಿಗೆ ಎಂಟು ದಿನವಾದರೂ ಬರಲಿ. ಸಕ್ಕರೆ ತಲೆಗೆ 25 ಗ್ರಾಂ ದಾಟದಿರಲಿ ಅನ್ನುತ್ತಾರೆ, ಅಂದರೆ ಐದು ಚಹಾ ಚಮಚ. ಎರಡೆರಡು ಚಮಚದ ಮೂರು ಕಪ್ ಚಹಾ ಕುಡಿದವರು ಅದನ್ನು ಆಗಲೇ ದಾಟಿಯಾಯಿತು. ಧಾರವಾಡ ಪೇಡೆಗೆ ಜಾಗ ಬೇಕಾದರೆ ಚಹಾದ ಸಕ್ಕರೆ ಇಳಿಯಬೇಕು. ಬೆಲ್ಲವೂ ಈ ಲೆಕ್ಕದಲ್ಲಿ ಸಕ್ಕರೆಯೇ.

ಮಿರ್ಚಿ-ಗಿರಮಿಟ್ಟು ಬಿಡಿ ಅಂತ ನಮ್ಮೂರಿನವರಿಗೆ ಹೇಳುವ ಧೈರ್ಯ ನನಗಿಲ್ಲ, ಹೇಳಬೇಕಾಗಿಯೂ ಇಲ್ಲ. ವಾರಕ್ಕೊಮ್ಮೆ ತಿನ್ನಿ. ಬಂಡಿಯ ಬಾಣಲೆಯಲ್ಲಿ ಎಣ್ಣೆ ಕಪ್ಪಾಗಿ ನೊರೆ ಎದ್ದಿದ್ದರೆ ಮುಂದಿನ ಬಂಡಿಗೆ ನಡೆಯಿರಿ. ಮನೆಯಲ್ಲೂ ಕರಿದ ಎಣ್ಣೆಯಲ್ಲಿ ಮತ್ತೆ ಮತ್ತೆ ಕರಿಯಬೇಡಿ, ಉಳಿದದ್ದನ್ನು ಒಂದೆರಡು ದಿನದಲ್ಲಿ ಒಗ್ಗರಣೆಗೆ ಬಳಸಿ ಮುಗಿಸಿ.

ಸಾವೆ-ನವಣೆ ಕೊಳ್ಳುವವರಿಗೂ ಒಂದು ಕಿವಿಮಾತು. ಈ ಮಾರ್ಗಸೂಚಿ ಕೊಟ್ಟ ಸಂಸ್ಥೆ 1918ರಲ್ಲಿ ಕೂನೂರಿನಲ್ಲಿ ಹುಟ್ಟಿದ್ದೇ ಬೆರಿಬೆರಿ ರೋಗದ ತನಿಖೆಗೆ. ಅಕ್ಕಿಯನ್ನು ಅತಿಯಾಗಿ ಪಾಲಿಶ್ ಮಾಡಿ, ತೌಡಿನೊಂದಿಗೆ ಬಿ1 ಜೀವಸತ್ವ ಹೋದದ್ದು ಆ ರೋಗಕ್ಕೆ ಕಾರಣ. ಬೆಳ್ಳಗೆ ಹೊಳೆಯುವ ಸಿರಿಧಾನ್ಯದಲ್ಲೂ ತೌಡು ಹೋಗಿರುತ್ತದೆ. ಮಾಸಲು ಬಣ್ಣದ್ದನ್ನೇ ಕೇಳಿ ಕೊಳ್ಳಿ.

ಏಳನೇ ಹೆಜ್ಜೆ: ಮನೆಯಲ್ಲಿ ಯಾರಿಗೆ ಏನು ಬೇರೆ ಬೇಕು

ಗರ್ಭಿಣಿಗೆ ದಿನಕ್ಕೆ 350 ಕಿಲೋಕ್ಯಾಲರಿ ಹೆಚ್ಚು ಬೇಕು. ಒಂದು ರೊಟ್ಟಿ, ಒಂದು ಬಟ್ಟಲು ಕಾಳು ಸೇರಿಸಿದರೆ ಸುಮಾರು ಅಷ್ಟಾಗುತ್ತದೆ. ಹಾಲುಣಿಸುವ ತಾಯಿಗೆ ಮೊದಲ ಆರು ತಿಂಗಳು 600 ಹೆಚ್ಚು. ಬಾಣಂತಿಗೆ ಬರೀ ಅನ್ನ, ಮೆಣಸಿನ ಸಾರು ಕೊಟ್ಟು ನೀರನ್ನೂ ಅಳೆದು ಕೊಡುವ ಮನೆಗಳು ಇನ್ನೂ ಇವೆ. ಅಂಟಿನ ಉಂಡಿ ಕೊಡಿ, ಸಬ್ಬಸಗಿ ಕೊಡಿ, ಜೊತೆಗೆ ಹೆಸರುಬೇಳೆ, ಹಾಲು, ಬಾಯಾರಿದಷ್ಟು ನೀರನ್ನೂ ಕೊಡಿ. 2017ರಿಂದ ಮಾತೃಪೂರ್ಣ ಯೋಜನೆಯಲ್ಲಿ ಗರ್ಭಿಣಿ-ಬಾಣಂತಿಯರಿಗೆ ಅಂಗನವಾಡಿಯಲ್ಲಿ ಬಿಸಿಯೂಟವಿದೆ. ಹೋಗಲು ಸಂಕೋಚಪಡುವವರನ್ನು ಮನೆಯವರೇ ಕಳಿಸಿಕೊಡಬೇಕು.

ಕೂಸಿಗೆ ಆರು ತಿಂಗಳವರೆಗೆ ಎದೆಹಾಲು ಮಾತ್ರ. ಆಮೇಲೆ ಬೇಳೆ-ಅನ್ನ ಕಿವುಚಿ, ತುಪ್ಪ ಹಾಕಿ, ಬೆಂದ ಗಜ್ಜರಿ, ಬಾಳೆಹಣ್ಣು, ತತ್ತಿ ತಿನ್ನುವ ಮನೆಯಾದರೆ ತತ್ತಿ. ಹೊಟ್ಟೆ ಸಣ್ಣದು, ಅದಕ್ಕೇ ತಿಳಿ ಸಾರಿನಿಂದ ಅದನ್ನು ತುಂಬಿಸಬೇಡಿ.

ಹಲ್ಲು ಹೋದ ಅಜ್ಜ-ಅಜ್ಜಿ ನುಚ್ಚು-ಮಜ್ಜಿಗೆಗೆ ಇಳಿದುಬಿಡುತ್ತಾರೆ, ಕಾಳು ಅವರ ತಾಟಿನಿಂದ ಸದ್ದಿಲ್ಲದೆ ಮಾಯವಾಗುತ್ತದೆ. ನುಚ್ಚಿನಲ್ಲೇ ಹೆಸರುಬೇಳೆ ಹಾಕಿ ಬೇಯಿಸಿ, ರೊಟ್ಟಿಯನ್ನು ಬೇಳೆ ಸಾರಿನಲ್ಲಿ ನೆನೆಸಿ ಕೊಡಿ. ಸಕ್ಕರೆ ಕಾಯಿಲೆಯವರು “ಜೋಳ ತಿಂದ್ರ ಶುಗರ್ ಏರಂಗಿಲ್ಲ” ಅಂತ ಐದು ರೊಟ್ಟಿ ಉಂಡರೆ ಖಂಡಿತ ಏರುತ್ತದೆ. ಅವರಿಗೂ ರೊಟ್ಟಿ ಅಳತೆಯಲ್ಲೇ ಇರಲಿ, ಮೊದಲು ಪಚಡಿ-ಪಲ್ಯ, ಆಮೇಲೆ ರೊಟ್ಟಿ.

ಎಂಟನೇ ಹೆಜ್ಜೆ: ಬಡಿಸುವ ಸರದಿ ಬದಲಿಸಿ

ಇದಕ್ಕೆ ತಕ್ಕಡಿ ಬೇಡ. ಪಲ್ಯ ಇಳಿಸಿದ ಕೂಡಲೇ ಮನೆಯಲ್ಲಿ ಎಷ್ಟು ಮಂದಿಯೋ ಅಷ್ಟು ಬಟ್ಟಲು ಸಾಲಾಗಿ ಇಟ್ಟು ಹಂಚಿಬಿಡಿ, ಆಮೇಲೆ ಊಟಕ್ಕೆ ಕರೆಯಿರಿ. ಬೋಗುಣಿ ನಡುವೆ ಇಟ್ಟುಕೊಂಡು ಬೇಕಾದವರು ಬೇಕಾದಷ್ಟು ಹಾಕಿಕೊಳ್ಳುವ ಪದ್ಧತಿಯಲ್ಲಿ ಕೊನೆಗೆ ಉಣ್ಣುವವಳಿಗೆ ಏನೂ ಉಳಿಯುವುದಿಲ್ಲ. ಎಳ್ಳ ಅಮಾಸಿಗೆ ಹೊಲದಲ್ಲಿ ಚರಗ (ಭೂತಾಯಿಗೆ ಎಡೆ) ಚೆಲ್ಲಿ ಎಲ್ಲರೂ ಒಟ್ಟಿಗೇ ಕೂತು ಉಣ್ಣುವಾಗ ಸಜ್ಜಿ ರೊಟ್ಟಿ, ಪುಂಡಿಪಲ್ಯ, ಕಾಳು, ಎಣ್ಣೆಗಾಯಿ, ಮೊಸರು ಎಲ್ಲರಿಗೂ ಸಮನಾಗಿ ಸಿಗುತ್ತದಲ್ಲ, ಹಾಗೆ.

ನಮ್ಮಲ್ಲಿ ಅವ್ವ ಮೊದಲು ಒಪ್ಪಲಿಲ್ಲ. “ನನಗ್ಯಾಕ ಇಷ್ಟ, ನೀವು ದುಡಿಯಾವ್ರು ಉಣ್ರಿ” ಅಂತ ತನ್ನ ಬಟ್ಟಲಿನ ಪಲ್ಯವನ್ನು ನನ್ನ ತಾಟಿಗೆ ಸುರಿಯುತ್ತಿದ್ದಳು. ಕೊನೆಗೆ ಅವಳನ್ನು ನಮ್ಮ ಜೊತೆಗೇ ಕೂಡಿಸಿ, ರೊಟ್ಟಿ ಬಡಿಯುವುದನ್ನು ಊಟಕ್ಕೆ ಮುಂಚೆಯೇ ಮುಗಿಸುವಂತೆ ಮಾಡಿದೆವು. ಬಿಸಿ ರೊಟ್ಟಿಯೇ ಬೇಕು ಅನ್ನುವ ಹಟವನ್ನು ನಾವು ಬಿಟ್ಟುಕೊಡಬೇಕಾಯಿತು. ಅರಿವೆಯಲ್ಲಿ ಸುತ್ತಿ ಬುಟ್ಟಿಯಲ್ಲಿಟ್ಟ ರೊಟ್ಟಿ ಅರ್ಧ ತಾಸು ಮೆತ್ತಗೇ ಇರುತ್ತದೆ.

ಮೂರು-ನಾಲ್ಕು ತಿಂಗಳ ನಂತರ ಮತ್ತೆ ರಕ್ತ ಪರೀಕ್ಷೆ ಮಾಡಿಸಿ, ಹಳೆಯ ಚೀಟಿಯ ಪಕ್ಕ ಇಟ್ಟು ನೋಡಿ. ಅಂಕಿ ಏರಿದರೂ ಗುಳಿಗೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ಮೈಯೊಳಗಿನ ಕಬ್ಬಿಣದ ದಾಸ್ತಾನು ತುಂಬಲು ಇನ್ನೂ ಕೆಲವು ತಿಂಗಳು ಬೇಕಾಗುತ್ತದೆ, ಎಷ್ಟು ದಿನ ಅನ್ನುವುದನ್ನು ವೈದ್ಯರು ಹೇಳುತ್ತಾರೆ. ಅವ್ವನದು ನಾಲ್ಕನೇ ತಿಂಗಳಿಗೆ 11.7 ಬಂದಿತ್ತು, ಏಳನೇ ತಿಂಗಳಿಗೆ 12.4. ತಕ್ಕಡಿ ಈಗಲೂ ಹಿಟ್ಟಿನ ಡಬ್ಬಿಯ ಪಕ್ಕದಲ್ಲೇ ಇದೆ, ತಿಂಗಳಿಗೊಂದು ದಿನ ಅವಳೇ ಇಳಿಸಿ ತೂಗುತ್ತಾಳೆ.